"ಸಿಸ್ಟರ್, ಗ್ಲೂಕೋಸ್ ಹೋಗ್ತಿಲ್ಲ": ಡ್ರಿಪ್‌ನ ದೋಷ ಹುಡುಕುವ ಕ್ರಮ

ವಾರ್ಡಿನಲ್ಲಿ ರೋಗಿಯ ಕಡೆಯವರು ಓಡಿ ಬಂದು ಹೇಳುವುದು ಒಂದೇ ಮಾತು: "ಸಿಸ್ಟರ್, ಗ್ಲೂಕೋಸ್ ಹೋಗ್ತಿಲ್ಲ." ಬಾಟಲಿಯಲ್ಲಿರುವುದು ನಾರ್ಮಲ್ ಸಲೈನ್ ಆಗಿರಲಿ, ರಿಂಗರ್ ಲ್ಯಾಕ್ಟೇಟ್ ಆಗಿರಲಿ, ಅವರಿಗೆ ಎಲ್ಲವೂ ಗ್ಲೂಕೋಸೇ. ಪೋಸ್ಟಿಂಗ್‌ಗೆ ಬಂದ ವಿದ್ಯಾರ್ಥಿಯ ಕೈ ಆಗ ತಾನಾಗಿಯೇ ಹನಿಯ ವೇಗ ಹೆಚ್ಚುಕಮ್ಮಿ ಮಾಡುವ ರೋಲರ್ ಕ್ಲಾಂಪಿನ ಚಕ್ರಕ್ಕೆ ಹೋಗುತ್ತದೆ. ಪೂರ್ತಿ ತೆರೆದು ನೋಡುತ್ತಾರೆ. ಹನಿ ಬೀಳದಿದ್ದರೆ ಟ್ಯೂಬ್ ಹಿಂಡುತ್ತಾರೆ. ಅದಕ್ಕೂ ಜಗ್ಗದಿದ್ದರೆ ಸಿರಿಂಜಿನಲ್ಲಿ ಸಲೈನ್ ತುಂಬಿ ತಳ್ಳುತ್ತಾರೆ. ಮೂರೂ ತಪ್ಪು.

ಹುಡುಕಾಟ ಶುರುವಾಗಬೇಕಾದ್ದು ರೋಗಿಯ ಕೈಯಿಂದ. ಅಲ್ಲಿಂದ ಟ್ಯೂಬ್ ಹಿಡಿದು ಮೇಲಕ್ಕೆ ಹೋಗಬೇಕು, ಬಾಟಲಿ ಕೊನೆಗೆ. ಬಾಟಲಿಯ ಕಡೆ ದೋಷವಿದ್ದರೆ ಔಷಧ ತಡವಾಗುತ್ತದೆ, ಅಷ್ಟೇ. ಕೈಯ ಕಡೆ ದೋಷವಿದ್ದರೆ ಚಕ್ರ ತೆರೆದಷ್ಟೂ ಕೈ ಹಾಳಾಗುತ್ತದೆ. ಇಲ್ಲಿ ಹೇಳುವುದೆಲ್ಲ ಸ್ಟ್ಯಾಂಡಿಗೆ ತೂಗುಹಾಕಿದ ಮಾಮೂಲಿ ಡ್ರಿಪ್‌ಗೆ ಸಂಬಂಧಿಸಿದ್ದು. ಸಿರಿಂಜ್ ಪಂಪಿನ ಮಾತು ಮಧ್ಯೆ ಒಂದೆರಡು ಕಡೆ ಮಾತ್ರ ಬರುತ್ತದೆ.

ಹುಡುಕುತ್ತಾ ನಿಲ್ಲಬಾರದ ಸಂದರ್ಭ

ಹಾಸಿಗೆಯ ಹತ್ತಿರ ಹೋದ ಕೂಡಲೇ ಮೊದಲು ರೋಗಿಯ ಮುಖ ನೋಡಿ. ಗಡಗಡ ನಡುಕ, ಉಸಿರಾಟಕ್ಕೆ ಕಷ್ಟ, ಎದೆ ಬಿಗಿತ, ಮೈಮೇಲೆ ದದ್ದು, ತುಟಿ ಅಥವಾ ನಾಲಿಗೆ ಊದಿಕೊಳ್ಳುವುದು, ಇದ್ದಕ್ಕಿದ್ದಂತೆ ಕೆಮ್ಮು: ಇವುಗಳಲ್ಲಿ ಒಂದು ಕಂಡರೂ ಕ್ಲಾಂಪ್ ಮುಚ್ಚಿ, ಸೀನಿಯರ್ ಸಿಸ್ಟರನ್ನೂ ಡ್ಯೂಟಿ ಡಾಕ್ಟರನ್ನೂ ಕೂಗಿ. ಕ್ಯಾನುಲಾ (ರಕ್ತನಾಳದೊಳಗೆ ಕೂರಿಸಿದ ಪ್ಲಾಸ್ಟಿಕ್ ನಳಿಕೆ) ತೆಗೆಯಬೇಡಿ. ಮುಂದಿನ ಐದು ನಿಮಿಷದಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಅದೇ.

ಅನಾಫಿಲಾಕ್ಸಿಸ್ (ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿ) ಎಂಬ ಅನುಮಾನವಿದ್ದರೆ ಮೊದಲ ಔಷಧ ಅಡ್ರಿನಾಲಿನ್. ದೊಡ್ಡವರಿಗೆ ಮಿ.ಲೀ.ಗೆ 1 ಮಿ.ಗ್ರಾಂ. ಇರುವ ಆಂಪ್ಯೂಲಿನಿಂದ 0.5 ಮಿ.ಲೀ., ತೊಡೆಯ ಹೊರಬದಿಯ ನಡುಭಾಗದ ಸ್ನಾಯುವಿಗೆ. ಅಲರ್ಜಿಗೆ ಕೊಡುವ ಏವಿಲ್, ಸ್ಟೀರಾಯ್ಡ್ ಆದ ಹೈಡ್ರೋಕಾರ್ಟಿಸೋನ್ ಆಮೇಲೆ. ಅವು ಅಡ್ರಿನಾಲಿನ್‌ನ ಜಾಗ ತುಂಬುವುದಿಲ್ಲ. ವಿದ್ಯಾರ್ಥಿಯ ಕೆಲಸ ಎಮರ್ಜೆನ್ಸಿ ಟ್ರೇ ತಂದು, ಆಂಪ್ಯೂಲ್ ಒಡೆದು, 1 ಮಿ.ಲೀ. ಸಿರಿಂಜಿನಲ್ಲಿ ಎಳೆದು, ಬಿ.ಪಿ. ನೋಡುತ್ತಿರುವುದು.

ಹೊಸ ಬಾಟಲಿ ಹಾಕಿದ ಸ್ವಲ್ಪ ಹೊತ್ತಿಗೇ ಚಳಿ ಬಂದರೆ ಬಾಟಲಿಯನ್ನೂ ಸೆಟ್ಟನ್ನೂ (ಬಾಟಲಿಯಿಂದ ಕ್ಯಾನುಲಾವರೆಗಿನ ಟ್ಯೂಬ್) ಎಸೆಯಬೇಡಿ. ಸೆಟ್ಟನ್ನು ಕ್ಯಾನುಲಾದಿಂದ ಬಿಡಿಸಿ, ತುದಿ ಮುಚ್ಚಿ, ಬಾಟಲಿಯ ಬ್ಯಾಚ್ ನಂಬರ್ ಬರೆದುಕೊಂಡು ಬೇರೆ ಇಡಿ. ಹೊಸ ಸೆಟ್, ಹೊಸ ಸಲೈನ್ ಬಾಟಲಿಯಿಂದ ರಕ್ತನಾಳವನ್ನು ತೆರೆದಿಟ್ಟುಕೊಳ್ಳಿ. ಇಂಥ ಪ್ರತಿಕ್ರಿಯೆಯನ್ನು ಔಷಧಗಳ ಅಡ್ಡಪರಿಣಾಮ ದಾಖಲಿಸುವ ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ನರ್ಸ್‌ಗಳೂ ನೇರವಾಗಿ ತಿಳಿಸಬಹುದು. ಅದರ ಉಚಿತ ಸಹಾಯವಾಣಿ 1800-180-3024.

ಮೊದಲ ನಿಲ್ದಾಣ: ಕ್ಯಾನುಲಾ ಇರುವ ಜಾಗ

ಪ್ಲಾಸ್ಟರ್ ಮೇಲಿಂದ ನೋಡಿ ತೀರ್ಮಾನಕ್ಕೆ ಬರಬೇಡಿ. ರೋಗಿಯ ಎರಡೂ ಕೈಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಹೋಲಿಸಿ. ದಪ್ಪ ಕೈಯಲ್ಲಿ 30, 40 ಮಿ.ಲೀ. ಸಲೈನ್ ಚರ್ಮದಡಿ ಹೋಗಿದ್ದರೂ ಒಂದೇ ಕೈ ನೋಡಿದರೆ ಗೊತ್ತಾಗುವುದಿಲ್ಲ. ಬೆರಳ ಹಿಂಭಾಗದಿಂದ ಮುಟ್ಟಿ. ರಕ್ತನಾಳದಿಂದ ಹೊರಗೆ ಸೋರಿದ ದ್ರಾವಣ ಮೈಗಿಂತ ತಣ್ಣಗಿರುವುದರಿಂದ ಆ ಜಾಗ ತಣ್ಣಗೆ, ಬಿಗಿಯಾಗಿ, ಬಿಳಿಚಿಕೊಂಡಿರುತ್ತದೆ. ಉಂಗುರ, ಬಳೆ, ಮಣಿಕಟ್ಟಿನ ದಾರ ಒತ್ತುತ್ತಿದೆಯೇ ನೋಡಿ. ಊತ ಇನ್ನೂ ಹೆಚ್ಚಿದರೆ ಅವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ.

ಇದಕ್ಕೆ ತದ್ವಿರುದ್ಧ ಚಿತ್ರ ರಕ್ತನಾಳದ ಉರಿಯೂತದ್ದು, ಅಂದರೆ ಫ್ಲೆಬೈಟಿಸ್. ಜಾಗ ಬಿಸಿ, ಕೆಂಪು. ರಕ್ತನಾಳದ ಗುಂಟ ಕೆಂಪು ಗೆರೆ ಮೇಲಕ್ಕೆ ಹೋಗಿರುತ್ತದೆ, ಒತ್ತಿದರೆ ನೋವು, ಹಳೆಯದಾದರೆ ಹಗ್ಗದಂತೆ ಗಟ್ಟಿ. ಇಲ್ಲಿ ಡ್ರಿಪ್ ಸರಾಗವಾಗಿ ಹೋಗುತ್ತಲೇ ಇರಬಹುದು. "ಹೋಗ್ತಿದೆಯಲ್ಲ" ಎಂದು ಬಿಟ್ಟು ಮರುದಿನ ಕೀವು ನೋಡುವುದು ಹೀಗೆಯೇ. ನೋವು, ಕೆಂಪು, ಊತ ಈ ಮೂರರಲ್ಲಿ ಎರಡು ಸೇರಿದರೆ ಕ್ಯಾನುಲಾ ತೆಗೆದು ಬೇರೆ ಕಡೆ ಹಾಕುವುದೇ ದಾರಿ.

ಊತವೂ ಇಲ್ಲ, ಕೆಂಪೂ ಇಲ್ಲ, ಆದರೂ ಅನುಮಾನ ಎಂದಾಗ ಎರಡು ಪರೀಕ್ಷೆ ಇವೆ. ಮೊದಲನೆಯದು: ಕ್ಲಾಂಪ್ ತೆರೆದಿಟ್ಟು ಬಾಟಲಿಯನ್ನು ಹಾಸಿಗೆಯ ಮಟ್ಟಕ್ಕಿಂತ ಕೆಳಗೆ ಕೆಲವು ಕ್ಷಣ ಇಳಿಸಿ. ಹಬ್‌ನ (ಕ್ಯಾನುಲಾಗೆ ಟ್ಯೂಬ್ ಸೇರುವ ಜಾಗ) ಹತ್ತಿರ ಟ್ಯೂಬಿನಲ್ಲಿ ರಕ್ತ ಇಣುಕಿದರೆ ತುದಿ ನಾಳದೊಳಗಿದೆ. ಇದನ್ನೊಂದೇ ನಂಬಬೇಡಿ. ತುದಿ ಅರ್ಧ ಒಳಗೆ ಅರ್ಧ ಹೊರಗೆ ಇದ್ದರೂ ರಕ್ತ ಬರುತ್ತದೆ, ಸಣ್ಣ ನಾಳದಲ್ಲಿ 24 ಗೇಜ್ ಕ್ಯಾನುಲಾ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ನಳಿಕೆ ಸಣ್ಣ) ಸರಿಯಾಗಿ ಕೂತಿದ್ದರೂ ಬರದೇ ಇರಬಹುದು. ಎರಡನೆಯದು ಹೆಚ್ಚು ಉಪಯುಕ್ತ: ಕ್ಯಾನುಲಾದ ತುದಿಯಿಂದ ನಾಲ್ಕು ಬೆರಳು ಮೇಲೆ, ಹೃದಯದ ದಿಕ್ಕಿನಲ್ಲಿ, ರಕ್ತನಾಳವನ್ನು ಬೆರಳಿನಿಂದ ಒತ್ತಿ ಹಿಡಿದು ಹನಿ ಬೀಳುವ ಚೇಂಬರ್ ನೋಡಿ. ಹನಿ ನಿಂತರೆ ಅಥವಾ ನಿಧಾನವಾದರೆ ದ್ರಾವಣ ನಾಳದಲ್ಲೇ ಹೋಗುತ್ತಿತ್ತು. ಒತ್ತಿದರೂ ಅದೇ ವೇಗದಲ್ಲಿ ಬೀಳುತ್ತಿದ್ದರೆ ಅದು ಹೋಗುತ್ತಿರುವುದು ಮಾಂಸಕ್ಕೆ.

ಸಾದಾ ಸಲೈನ್ ಸೋರಿದ್ದರೆ ಡ್ರಿಪ್ ನಿಲ್ಲಿಸಿ, ಕ್ಯಾನುಲಾ ತೆಗೆದು, ಕೈಯನ್ನು ದಿಂಬಿನ ಮೇಲೆ ಎತ್ತರಿಸಿಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ನಾರ್‌ಅಡ್ರಿನಾಲಿನ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಕ್ಲೋರೈಡ್, ಫೆನಿಟಾಯಿನ್, ಪ್ರೊಮೆಥಾಜಿನ್, 25 ಅಥವಾ 50 ಶೇಕಡಾ ಡೆಕ್ಸ್‌ಟ್ರೋಸ್, ಕ್ಯಾನ್ಸರ್ ಔಷಧಗಳಾದ ವಿನ್‌ಕ್ರಿಸ್ಟಿನ್, ಡಾಕ್ಸೊರುಬಿಸಿನ್ ಸೋರಿದ್ದರೆ ಮಾತೇ ಬೇರೆ. ಇವು ಚರ್ಮ ಸಾಯಿಸಬಲ್ಲವು. ಆಗ ಕ್ಯಾನುಲಾವನ್ನು ತಕ್ಷಣ ಕಿತ್ತು ಹಾಕುವುದು ತಪ್ಪು. ಟ್ಯೂಬ್ ಬಿಡಿಸಿ, ಸಿರಿಂಜ್ ಜೋಡಿಸಿ, ಅದೇ ಕ್ಯಾನುಲಾದ ಮೂಲಕ ಆದಷ್ಟು ಔಷಧವನ್ನು ಹಿಂದಕ್ಕೆ ಎಳೆದುಕೊಳ್ಳಿ. ಊತದ ಅಂಚನ್ನು ಪೆನ್ನಿನಿಂದ ಗುರುತಿಸಿ ಸಮಯ ಬರೆಯಿರಿ, ವೈದ್ಯರನ್ನು ಕರೆಯಿರಿ. ಬಿಸಿ ಶಾಖವೋ ತಣ್ಣನೆಯ ಶಾಖವೋ ಎಂಬುದು ಔಷಧದ ಮೇಲೆ ನಿಂತಿದೆ: ವಿನ್‌ಕ್ರಿಸ್ಟಿನ್‌ಗೆ ಬಿಸಿ, ಡಾಕ್ಸೊರುಬಿಸಿನ್‌ಗೆ ತಣ್ಣಗೆ. ಕಣ್ಣುಮುಚ್ಚಿ ಐಸ್ ಇಡುವ ಅಭ್ಯಾಸ ಬಿಡಬೇಕು. ನಾರ್‌ಅಡ್ರಿನಾಲಿನ್ ಸೋರಿ ಜಾಗ ಸುಣ್ಣದಂತೆ ಬಿಳಿಚಿದ್ದರೆ ಅದಕ್ಕೆ ಫೆಂಟೊಲಮೈನ್ ಎಂಬ ಪ್ರತಿವಿಷವಿದೆ. ಸೋರಿ 12 ಗಂಟೆಯೊಳಗೆ ಕೊಟ್ಟರೆ ಫಲ, ಆದ್ದರಿಂದ ಹೇಳಲು ಶಿಫ್ಟ್ ಬದಲಾಗುವವರೆಗೆ ಕಾಯಬೇಡಿ.

ಜಾಗ ಚೆನ್ನಾಗಿದೆ, ಹನಿ ಮಾತ್ರ ಬೀಳುತ್ತಿಲ್ಲ

ಈಗ ಕೈಯಿಂದ ಮೇಲಕ್ಕೆ ಟ್ಯೂಬನ್ನು ಬೆರಳಲ್ಲಿ ಸವರುತ್ತಾ ಹೋಗಿ. ಕಣ್ಣಿಗೆ ಕಾಣದ ಮಡಿಕೆ ಬೆರಳಿಗೆ ಸಿಗುತ್ತದೆ. ರೋಗಿಯ ಬೆನ್ನಡಿ, ಹಾಸಿಗೆಯ ಕಂಬಿಯ ಸಂದು, ಪ್ಲಾಸ್ಟರ್ ಸುತ್ತಿದ ತಿರುವು, ಈ ಮೂರು ಜಾಗ ಮೊದಲು.

ಮೊಣಕೈ ಮಡಚಿನಲ್ಲಿ ಕ್ಯಾನುಲಾ ಇದ್ದರೆ ರೋಗಿ ಕೈ ಮಡಚಿದಾಗಲೆಲ್ಲ ಡ್ರಿಪ್ ನಿಲ್ಲುತ್ತದೆ. ಕೈ ನೇರ ಮಾಡಿದರೆ ಹನಿ ಬಿದ್ದು, ನೀವು ತಿರುಗಿ ಹೋದ ಮೇಲೆ ಮತ್ತೆ ನಿಲ್ಲುತ್ತದೆ. ಚಕ್ರವನ್ನು ಮಡಚಿದ ಸ್ಥಿತಿಗೆ ಹೊಂದಿಸಿಟ್ಟು ಹೋಗುವವರಿದ್ದಾರೆ. ರೋಗಿ ಕೈ ಚಾಚಿದ ಕ್ಷಣ ಡ್ರಿಪ್ ಧೋ ಎಂದು ಸುರಿಯುತ್ತದೆ. ಸ್ಪ್ಲಿಂಟ್ ಕಟ್ಟಿ, ಅಥವಾ ಜಾಗ ಬದಲಿಸಲು ಕೇಳಿ. ತುದಿ ನಾಳದ ಗೋಡೆಗೆ ತಾಗಿದ್ದರೂ ಹೀಗೆಯೇ ಆಗುತ್ತದೆ; ಪ್ಲಾಸ್ಟರ್ ಬಿಚ್ಚಿ ಹಬ್‌ನ ಕೋನ ತುಸು ಬದಲಿಸಿ ಮತ್ತೆ ಅಂಟಿಸಿದರೆ ಸಾಕು. ಹೊರತೆಗೆದ ಸೂಜಿಯನ್ನು ಮತ್ತೆ ಕ್ಯಾನುಲಾದೊಳಗೆ ತೂರಿಸುವ ಸಾಹಸ ಮಾತ್ರ ಎಂದೂ ಬೇಡ. ಪ್ಲಾಸ್ಟಿಕ್ ನಳಿಕೆ ಕತ್ತರಿಸಿ ಚೂರು ರಕ್ತದಲ್ಲಿ ಹೋಗಬಹುದು.

ಅದೇ ಕೈಗೆ ಬಿ.ಪಿ. ಕಫ್ ಕಟ್ಟಿದ್ದಾರೆಯೇ ನೋಡಿ. ಬಾಟಲಿ ಕೈಗಿಂತ 90 ಸೆಂ.ಮೀ. ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 66 ಮಿ.ಮೀ. ಪಾದರಸ. ಕಫ್ 150ಕ್ಕೆ ಉಬ್ಬಿದರೆ ಡ್ರಿಪ್ ಸೋಲಲೇಬೇಕು, ರಕ್ತ ಟ್ಯೂಬಿಗೆ ಹಿಂದಿರುಗುತ್ತದೆ. ಪ್ರತಿ 15 ನಿಮಿಷಕ್ಕೆ ತಾನಾಗಿ ಬಿ.ಪಿ. ನೋಡುವ ಮಾನಿಟರ್ ಇದ್ದರೆ ದಿನವಿಡೀ ಇದೇ ಗೋಳು. ಕಫ್ ಇನ್ನೊಂದು ಕೈಗೆ ಹಾಕಿ. ಹಾಸಿಗೆ ಎತ್ತರಿಸಿದಾಗ, ರೋಗಿ ಎದ್ದು ಕೂತಾಗ ವೇಗ ತಗ್ಗುವುದೂ ಈ 90 ಸೆಂ.ಮೀ. ಕಡಿಮೆಯಾದದ್ದಕ್ಕೇ.

ತ್ರೀ ವೇ (ಮೂರು ಬಾಯಿಯ ಕವಾಟ) ಇದ್ದರೆ ಅದರ ಹಿಡಿಕೆ ಗಮನಿಸಿ. ಎರಡು ಬಗೆಯವು ಬರುತ್ತವೆ: ಕೆಲವದರಲ್ಲಿ ಹಿಡಿಕೆ ತೋರಿಸುವ ಕಡೆ ಮುಚ್ಚಿರುತ್ತದೆ, ಕೆಲವದರಲ್ಲಿ ಬಾಣದ ಗುರುತು ತೋರಿಸುವ ಕಡೆ ತೆರೆದಿರುತ್ತದೆ. ಒಂದು ಕಂಪನಿಯದನ್ನು ಬಳಸಿ ರೂಢಿಯಾದವರು ಇನ್ನೊಂದರಲ್ಲಿ ಎಡವುತ್ತಾರೆ. ರೋಗಿಗೆ ಜೋಡಿಸುವ ಮೊದಲೇ ಸಲೈನ್ ಹರಿಸಿ ಯಾವ ಕಡೆಯಿಂದ ಬರುತ್ತದೆ ಎಂದು ನೋಡಿಕೊಂಡರೆ ಆಯಿತು.

ಆಮೇಲೆ ಡ್ರಿಪ್ ಚೇಂಬರ್. ಅದು ಪೂರ್ತಿ ತುಂಬಿದ್ದರೆ ಹನಿ ಬೀಳುತ್ತಿದ್ದರೂ ಕಾಣದು. ಕ್ಲಾಂಪ್ ಮುಚ್ಚಿ, ಬಾಟಲಿ ತಲೆಕೆಳಗು ಮಾಡಿ, ಚೇಂಬರ್ ಹಿಂಡಿ ಸ್ವಲ್ಪ ದ್ರಾವಣ ಬಾಟಲಿಗೆ ಮರಳಿಸಿ, ಅರ್ಧ ತುಂಬಿರಲಿ. ಚೇಂಬರ್ ಖಾಲಿಯಾಗಿ ಟ್ಯೂಬಿಗೆ ಗಾಳಿ ಇಳಿದಿದ್ದರೆ ಸೆಟ್ ಬಿಡಿಸಿ ಗಾಳಿ ಹೊರಹಾಕಬೇಕು. ಬಿಡಿಬಿಡಿ ಸಣ್ಣ ಗುಳ್ಳೆಗಳಿಗೆ ಹೆದರಬೇಕಿಲ್ಲ, ಟ್ಯೂಬನ್ನು ಪೆನ್ನಿಗೆ ಸುತ್ತುತ್ತಾ ಬಂದರೆ ಮೇಲಕ್ಕೆ ಹೋಗುತ್ತವೆ.

ಬಾಟಲಿಯ ಹೊಟ್ಟೆ ಒಳಕ್ಕೆ ಸೊಟ್ಟಗಾಗಿ ಹನಿ ನಿಧಾನವಾಗಿ ನಿಂತಿದೆ ಎಂದರೆ ಗಾಳಿಯ ದಾರಿ ಮುಚ್ಚಿದೆ. ದ್ರಾವಣ ಹೊರಬಿದ್ದಷ್ಟು ಗಾಳಿ ಒಳಗೆ ಬರದಿದ್ದರೆ ಒಳಗೆ ನಿರ್ವಾತ ಆಗಿ ಎಳೆದು ಹಿಡಿಯುತ್ತದೆ. ಮೆತ್ತನೆಯ ಬ್ಯಾಗ್‌ಗೆ ಈ ತೊಂದರೆ ಇಲ್ಲ, ಅದು ಕುಗ್ಗುತ್ತಾ ಹೋಗುತ್ತದೆ. ಗಟ್ಟಿ ಬಾಟಲಿಗೆ ಸೆಟ್ಟಿನ ಚೇಂಬರ್ ಮೇಲಿರುವ ಗಾಳಿಕಿಂಡಿಯ ಮುಚ್ಚಳ ತೆರೆಯಬೇಕು. ಕಿಂಡಿಯ ಫಿಲ್ಟರ್ ಒದ್ದೆಯಾಗಿದ್ದರೆ ಗಾಳಿ ಹೋಗದು, ಸೆಟ್ ಬದಲಿಸಿ. ಬಾಟಲಿಯ ತಳಕ್ಕೆ ಸೂಜಿ ಚುಚ್ಚುವ ಹಳೆಯ ಉಪಾಯ ಹಲವು ವಾರ್ಡುಗಳಲ್ಲಿ ಇನ್ನೂ ಜೀವಂತ. ಸೋಸದ ವಾರ್ಡಿನ ಗಾಳಿ ನೇರವಾಗಿ ದ್ರಾವಣಕ್ಕೆ ಸೇರುತ್ತದೆ, ಸೂಜಿ ಬಿದ್ದರೆ ಯಾರಿಗೋ ಚುಚ್ಚುತ್ತದೆ. ಅದನ್ನು ಕಲಿಯಬೇಡಿ.

ಮಕ್ಕಳ ವಾರ್ಡಿನ ಬ್ಯೂರೆಟ್ (ಬಾಟಲಿಯ ಕೆಳಗೆ ಅಳತೆಯ ಗುರುತಿರುವ ಕೊಳವೆ) ಸೆಟ್‌ನಲ್ಲಿ ಇನ್ನೊಂದು ವಿಶೇಷ ಇದೆ. ತಳದಲ್ಲಿ ತೇಲುವ ಸಣ್ಣ ಕವಾಟ ಬ್ಯೂರೆಟ್ ಖಾಲಿಯಾದಾಗ ರಂಧ್ರ ಮುಚ್ಚಿ ಗಾಳಿ ತಡೆಯುತ್ತದೆ. ಮತ್ತೆ ತುಂಬಿದ ಮೇಲೂ ಅದು ಅಂಟಿಕೊಂಡೇ ಇರಬಹುದು. ಕೆಳಗಿನ ಚೇಂಬರ್ ಒಮ್ಮೆ ಮೆಲ್ಲಗೆ ಹಿಂಡಿ ಬಿಟ್ಟರೆ ಕವಾಟ ಏಳುತ್ತದೆ. ಬ್ಯೂರೆಟ್‌ನ ತಲೆಯ ಮೇಲಿನ ಗಾಳಿಕಿಂಡಿಯನ್ನೂ ನೋಡಿ.

ಇಷ್ಟೆಲ್ಲ ಸರಿ ಇದ್ದೂ ಹನಿ ಬೀಳದಿದ್ದರೆ ಕ್ಯಾನುಲಾ ಕಟ್ಟಿದೆ. 10 ಮಿ.ಲೀ. ಸಿರಿಂಜ್ ಜೋಡಿಸಿ ಮೊದಲು ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ರಕ್ತ ಬಂದರೆ, ಹೆಪ್ಪು ಹೊರಬಂದರೆ, 5 ಮಿ.ಲೀ. ಸಲೈನ್ ನಿಧಾನವಾಗಿ ಬಿಡಿ. ತಡೆ ಸಿಕ್ಕಿತೋ, ಅಲ್ಲಿಗೆ ನಿಲ್ಲಿಸಿ. 2 ಮಿ.ಲೀ. ಸಿರಿಂಜ್ ಹಿಡಿದು ಒತ್ತಿದರೆ "ಬಿಟ್ಟುಕೊಂಡಿತು" ಎಂದು ಖುಷಿಪಡುತ್ತಾರೆ. ಸಣ್ಣ ಸಿರಿಂಜಿನ ಪಿಸ್ಟನ್ ಚಿಕ್ಕದು. ಹೆಬ್ಬೆರಳಿನ ಅದೇ ಬಲಕ್ಕೆ ಒತ್ತಡ ಎಷ್ಟೋ ಪಟ್ಟು ಹೆಚ್ಚು. ಬಿಟ್ಟುಕೊಂಡದ್ದು ಹೆಪ್ಪು. ಅದು ಹೋದದ್ದು ರೋಗಿಯ ರಕ್ತನಾಳದೊಳಗೆ.

"24 ಗೇಜ್ ಹಾಕಿದ್ದಾರೆ, ಅದಕ್ಕೇ ನಿಧಾನ" ಎಂಬ ನೆವ ಆಗಾಗ ಕಿವಿಗೆ ಬೀಳುತ್ತದೆ. 500 ಮಿ.ಲೀ.ಯನ್ನು 8 ಗಂಟೆಯಲ್ಲಿ ಕೊಡಲು ನಿಮಿಷಕ್ಕೆ ಸುಮಾರು 1 ಮಿ.ಲೀ. ಸಾಕು. ಹಳದಿ ಬಣ್ಣದ 24 ಗೇಜ್ ಕೂಡ ಅದರ ಹತ್ತಾರು ಪಟ್ಟು ಬಿಡುತ್ತದೆ. ಗೇಜ್ ಮುಖ್ಯವಾಗುವುದು ಆಘಾತದ ರೋಗಿಗೆ ಲೀಟರ್‌ಗಟ್ಟಲೆ ಬೇಗ ಕೊಡುವಾಗ. ಆಗ ಹಸಿರು 18, ಬೂದು 16 ಬೇಕು. ನಳಿಕೆಯ ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಹನಿ ಬೀಳುತ್ತಿದೆ, ಲೆಕ್ಕ ತಪ್ಪಿದೆ

ಬಾಟಲಿ ಬೇಗ ಮುಗಿದರೆ ಅಥವಾ ಮುಗಿಯದೇ ಉಳಿದರೆ ಮೊದಲು ಸೆಟ್ಟಿನ ಕವರ್ ಓದಿ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಮ್ಯಾಕ್ರೊ ಸೆಟ್‌ನಲ್ಲಿ 20 ಹನಿ ಸೇರಿದರೆ 1 ಮಿ.ಲೀ., ಕೆಲವದರಲ್ಲಿ 15. ಮೈಕ್ರೊ ಸೆಟ್‌ನಲ್ಲಿ 60.

ಸೂತ್ರ ಎಲ್ಲರಿಗೂ ಬಾಯಿಪಾಠ: ಮಿ.ಲೀ. ಗುಣಿಲೆ ಹನಿ ಸಂಖ್ಯೆ, ಭಾಗಿಲೆ ನಿಮಿಷ. 500 ಮಿ.ಲೀ., 8 ಗಂಟೆ, 20 ಹನಿಯ ಸೆಟ್: 10,000 ಭಾಗಿಲೆ 480, ಅಂದರೆ 21 ಹನಿ. ಇದೇ 21 ಹನಿಯನ್ನು 15ರ ಸೆಟ್‌ನಲ್ಲಿ ಬಿಟ್ಟರೆ ಬಾಟಲಿ 6 ಗಂಟೆಗೇ ಮುಗಿಯುತ್ತದೆ. ಮೈಕ್ರೊ ಸೆಟ್‌ನಲ್ಲಿ ಬಿಟ್ಟರೆ 24 ಗಂಟೆ ಹಿಡಿಯುತ್ತದೆ. ಮಗುವಿನ ವಿಷಯದಲ್ಲಿ ಇದು ತಮಾಷೆಯಲ್ಲ. ಗಂಟೆಗೆ 20 ಮಿ.ಲೀ. ಎಂದು ಬರೆದಿದ್ದರೆ ಮೈಕ್ರೊದಲ್ಲಿ ನಿಮಿಷಕ್ಕೆ 20 ಹನಿ ಸರಿ. ಮೈಕ್ರೊ ಸಿಗಲಿಲ್ಲ ಎಂದು ಮ್ಯಾಕ್ರೊ ಹಾಕಿ ಅದೇ 20 ಹನಿ ಬಿಟ್ಟರೆ ಮಗುವಿಗೆ ಗಂಟೆಗೆ 60 ಮಿ.ಲೀ. ಹೋಗುತ್ತದೆ.

ಎಣಿಕೆಯಲ್ಲೂ ತಪ್ಪಾಗುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ವೇಗದ ಡ್ರಿಪ್‌ಗೆ ಪರವಾಗಿಲ್ಲ. ನಿಮಿಷಕ್ಕೆ 21 ಹನಿಗೆ 15 ಸೆಕೆಂಡಿನಲ್ಲಿ ಬೀಳುವುದು ಐದೋ ಆರೋ. ಐದಾದರೆ 20, ಆರಾದರೆ 24. ನಿಧಾನದ ಡ್ರಿಪ್ ಅನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಗಡಿಯಾರವನ್ನು ಚೇಂಬರ್ ಪಕ್ಕಕ್ಕೆ ಹಿಡಿದು. ಅರ್ಧ ಗಂಟೆ ಬಿಟ್ಟು ಮತ್ತೆ ಎಣಿಸಿ; ಕ್ಲಾಂಪ್ ಒತ್ತಿದ ಜಾಗದಲ್ಲಿ ಪ್ಲಾಸ್ಟಿಕ್ ನಿಧಾನವಾಗಿ ಆಕಾರ ಬದಲಿಸುವುದರಿಂದ ವೇಗ ತಾನಾಗಿ ಸರಿಯುತ್ತದೆ. ರೋಗಿಯ ಕಡೆಯವರು "ಬೇಗ ಮುಗಿಯಲಿ" ಎಂದು ಚಕ್ರ ತಿರುಗಿಸುವುದೂ ಉಂಟು. ಬೈದರೆ ಫಲವಿಲ್ಲ, ಬೇಗ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ ಎಂದು ಮೊದಲೇ ತಿಳಿಹೇಳಿ. ಬಾಟಲಿಗೆ ಉದ್ದಕ್ಕೆ ಪ್ಲಾಸ್ಟರ್ ಅಂಟಿಸಿ ಗಂಟೆಗಂಟೆಯ ಮಟ್ಟ ಗುರುತು ಹಾಕಿದರೆ ದೂರದಿಂದಲೇ ತಿಳಿಯುತ್ತದೆ.

ಹಿಂದೆ ಬಿದ್ದ ಡ್ರಿಪ್ ಅನ್ನು ಪೂರ್ತಿ ತೆರೆದು ಸರಿದೂಗಿಸಬೇಡಿ. ಬೆಳಿಗ್ಗೆ 10ಕ್ಕೆ ಶುರುವಾದ 8 ಗಂಟೆಯ ಬಾಟಲಿಯಲ್ಲಿ 2 ಗಂಟೆಗೆ 250 ಉಳಿಯಬೇಕಿತ್ತು, 350 ಉಳಿದಿದೆ ಅನ್ನಿ. ಉಳಿದ 4 ಗಂಟೆಗೆ ಹೊಸ ಲೆಕ್ಕ: 7,000 ಭಾಗಿಲೆ 240, ನಿಮಿಷಕ್ಕೆ 29 ಹನಿ. ಮೊದಲಿನ 21ಕ್ಕಿಂತ ಇದು ಮೂರನೇ ಒಂದಕ್ಕೂ ಹೆಚ್ಚು. ಹೃದಯ, ಮೂತ್ರಪಿಂಡದ ರೋಗಿಗೆ ಇಷ್ಟೂ ಹೆಚ್ಚೇ. ಡಾಕ್ಟರನ್ನು ಕೇಳಿಯೇ ಬದಲಿಸಿ.

ಔಷಧ ಸೇರಿಸಿದ ಬಾಟಲಿಯಲ್ಲಿ ವೇಗವೇ ಡೋಸ್. ವ್ಯಾಂಕೊಮೈಸಿನ್ 1 ಗ್ರಾಂಗೆ ಕನಿಷ್ಠ 100 ನಿಮಿಷ ಬೇಕು. ಬೇಗ ಬಿಟ್ಟರೆ ಮುಖ, ಕುತ್ತಿಗೆ ಕೆಂಪೇರಿ ತುರಿಕೆ ಬರುತ್ತದೆ, ಬಿ.ಪಿ. ಬೀಳಬಹುದು; ಅದನ್ನು ಅಲರ್ಜಿ ಎಂದು ಬರೆದುಬಿಟ್ಟರೆ ರೋಗಿಗೆ ಒಳ್ಳೆಯ ಔಷಧವೊಂದು ಶಾಶ್ವತವಾಗಿ ತಪ್ಪುತ್ತದೆ. ಫೆನಿಟಾಯಿನ್ ದೊಡ್ಡವರಿಗೆ ನಿಮಿಷಕ್ಕೆ 50 ಮಿ.ಗ್ರಾಂ. ದಾಟಬಾರದು, ಹೃದಯದ ಲಯ ಕೆಡುತ್ತದೆ.

ತೂಗುವ ಬಾಟಲಿಗೆ ಪೊಟ್ಯಾಸಿಯಂ

ಇದಕ್ಕೆ ಪ್ರತ್ಯೇಕ ಜಾಗ ಕೊಡಬೇಕು. ನಮ್ಮಲ್ಲಿ ಸಿಗುವ 15 ಶೇಕಡಾ ಪೊಟ್ಯಾಸಿಯಂ ಕ್ಲೋರೈಡಿನ 10 ಮಿ.ಲೀ. ಆಂಪ್ಯೂಲಿನಲ್ಲಿ 20 ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ ಇರುತ್ತದೆ. ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಬಾಟಲಿಯ ಮೂಲಕವೂ ಅದೇ ಆಗಬಹುದು ಎಂಬುದು.

ಸ್ಟ್ಯಾಂಡಿನಲ್ಲಿ ತೂಗುತ್ತಿರುವ ಬಾಟಲಿಯ ಕುತ್ತಿಗೆ ಕೆಳಗಿರುತ್ತದೆ, ಇಂಜೆಕ್ಷನ್ ಚುಚ್ಚುವ ರಬ್ಬರ್ ಕೂಡ ಅಲ್ಲೇ. ಪೊಟ್ಯಾಸಿಯಂ ದ್ರಾವಣ ಸಲೈನ್‌ಗಿಂತ ಭಾರ. ಡ್ರಿಪ್ ಓಡುತ್ತಿರುವಾಗಲೇ ಚುಚ್ಚಿ ಬಿಟ್ಟರೆ ಅದು ಮೇಲೇರಿ ಬೆರೆಯದೆ ಕುತ್ತಿಗೆಯಲ್ಲೇ ಕೂತು, ಮೊದಲ ಕೆಲವು ನಿಮಿಷದಲ್ಲಿ ಗಟ್ಟಿಯಾಗಿಯೇ ಇಳಿಯುತ್ತದೆ. ಎಂವಿಐ (ಹಲವು ವಿಟಮಿನ್‌ಗಳ ಇಂಜೆಕ್ಷನ್) ಸೇರಿಸುವಾಗ ಗಮನಿಸಿ: ಹಳದಿ ಬಣ್ಣ ಕುತ್ತಿಗೆಯ ಹತ್ತಿರವೇ ಗುಂಪುಗೂಡಿ, ಟ್ಯೂಬಿನಲ್ಲಿ ಕಡು ಹಳದಿ ಇಳಿದು, ಮೇಲಿನ ದ್ರಾವಣ ತಿಳಿಯಾಗಿಯೇ ಉಳಿದಿರುತ್ತದೆ. ಪೊಟ್ಯಾಸಿಯಂಗೆ ಬಣ್ಣವಿಲ್ಲ, ಹಾಗಾಗಿ ಕಾಣುವುದಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದರೆ ಸಕ್ಕರೆ ಪಾಕ ನೀರಿಗೆ ಬಿದ್ದಾಗ ಕಾಣುವಂಥ ಎಳೆಎಳೆ ಅಲೆ ಮಾತ್ರ ಕಾಣುತ್ತದೆ.

ರೋಗಿ "ಕೈ ಉರಿ, ಎದೆ ಒಂಥರಾ ಆಗ್ತಿದೆ" ಎಂದರೆ ಕ್ಲಾಂಪ್ ಮುಚ್ಚಿ, ಇಸಿಜಿ ನೋಡಿ, ಡಾಕ್ಟರನ್ನು ಕರೆಯಿರಿ. ಆಗದಂತೆ ನೋಡಿಕೊಳ್ಳುವುದು ಹೀಗೆ: ಬಾಟಲಿಯನ್ನು ಸ್ಟ್ಯಾಂಡಿಗೆ ಹಾಕುವ ಮೊದಲೇ ಔಷಧ ಸೇರಿಸಿ, ಕುತ್ತಿಗೆ ಮೇಲೆ ಕೆಳಗೆ ಮಾಡುತ್ತಾ ಕನಿಷ್ಠ 10 ಸಲ ತಿರುಗಿಸಿ, ಔಷಧದ ಹೆಸರು, ಪ್ರಮಾಣ, ಸಮಯ, ಸಹಿ ಇರುವ ಚೀಟಿ ಅಂಟಿಸಿ. ವಾರ್ಡಿನಲ್ಲಿ ಕೈಯ ರಕ್ತನಾಳದಿಂದ ಕೊಡುವಾಗ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ಸಾಮಾನ್ಯ ಮಿತಿ. 500 ಮಿ.ಲೀ.ಯಲ್ಲಿ ಒಂದು ಆಂಪ್ಯೂಲ್ ಇದ್ದರೆ ಅದು 2 ಗಂಟೆಗಿಂತ ಬೇಗ ಮುಗಿಯಬಾರದು. ರೋಗಿಗೆ ಮೂತ್ರ ಹೋಗುತ್ತಿದೆಯೇ ಎಂದು ಚಾರ್ಟ್ ನೋಡದೆ ಹಾಕಬೇಡಿ.

ಟ್ಯೂಬಿನಲ್ಲಿ ಹಾಲಿನಂಥ ಬಿಳುಪು

ಇಂಜೆಕ್ಷನ್ ಕೊಟ್ಟ ಕೂಡಲೇ ಟ್ಯೂಬಿನಲ್ಲಿ ಮಂಜಿನಂತೆ ಬಿಳಿ ತೇಲಿತೆಂದರೆ ಎರಡು ಔಷಧಗಳು ಹೊಂದಾಣಿಕೆಯಾಗದೆ ಗಸಿಯಾಗಿವೆ. ಸಲೈನ್ ಬಿಟ್ಟು ತೊಳೆದುಬಿಡುವುದೇ ಇಲ್ಲಿ ಅತಿ ದೊಡ್ಡ ತಪ್ಪು. ಆ ಗಸಿಯೆಲ್ಲ ಶ್ವಾಸಕೋಶದ ಸಣ್ಣ ನಾಳಗಳಿಗೆ ಹೋಗುತ್ತದೆ. ಕ್ಯಾನುಲಾದ ಹತ್ತಿರ ಕ್ಲಾಂಪ್ ಮಾಡಿ, ಸೆಟ್, ತ್ರೀ ವೇ ಎಲ್ಲ ಬಿಡಿಸಿ. ಕ್ಯಾನುಲಾದಿಂದ 2, 3 ಮಿ.ಲೀ. ರಕ್ತ ಎಳೆದು ಚೆಲ್ಲಿ. ಎಳೆಯಲು ಬಾರದಿದ್ದರೆ ಕ್ಯಾನುಲಾ ತೆಗೆಯಿರಿ. ಹೊಸ ಸೆಟ್ ಹಾಕಿ.

ಬಹುಪಾಲು ಕಾರಣ ಆಮ್ಲ ಕ್ಷಾರಗಳ ಜಗಳ. ಫೆನಿಟಾಯಿನ್ ಆಂಪ್ಯೂಲಿನ ಪಿಎಚ್ ಸುಮಾರು 12. ಡೆಕ್ಸ್‌ಟ್ರೋಸ್ ಆಮ್ಲೀಯ, ಅದರೊಳಗೆ ಬಿದ್ದರೆ ಹರಳುಗಟ್ಟುತ್ತದೆ. ನಾರ್ಮಲ್ ಸಲೈನ್‌ನಲ್ಲಿ ಮಾತ್ರ, ಬೆರೆಸಿದ ಕೂಡಲೇ ಕೊಡಬೇಕು. ಫ್ಯುರೋಸಮೈಡ್ ಕೂಡ ಕ್ಷಾರ. ಮಿಡಾಜೋಲಾಮ್, ಒಂಡಾನ್ಸೆಟ್ರಾನ್ ಜೊತೆ ಒಂದೇ ಟ್ಯೂಬಿನಲ್ಲಿ ಬಿದ್ದರೆ ಬಿಳುಪಾಗುತ್ತದೆ. ಸೋಡಾ ಬೈಕಾರ್ಬೊನೇಟ್ ಜೊತೆ ಕ್ಯಾಲ್ಸಿಯಂ ಸೇರಿದರೆ ತಯಾರಾಗುವುದು ಸೀಮೆಸುಣ್ಣ. ಸೆಫ್ಟ್ರಿಯಾಕ್ಸೋನ್‌ಗೂ ಕ್ಯಾಲ್ಸಿಯಂಗೂ ಆಗದು, ರಿಂಗರ್ ಲ್ಯಾಕ್ಟೇಟಿನಲ್ಲಿ ಕ್ಯಾಲ್ಸಿಯಂ ಇದೆ ಎಂಬುದು ಮರೆತುಹೋಗುತ್ತದೆ. ದೊಡ್ಡವರಲ್ಲಿ ಎರಡರ ನಡುವೆ ಟ್ಯೂಬ್ ತೊಳೆದು ಕೊಡಬಹುದು, 28 ದಿನದೊಳಗಿನ ಶಿಶುವಿಗೆ ಕ್ಯಾಲ್ಸಿಯಂ ದ್ರಾವಣ ಹೋಗುತ್ತಿದ್ದರೆ ಸೆಫ್ಟ್ರಿಯಾಕ್ಸೋನ್ ಕೊಡಲೇಬಾರದು, ಬೇರೆ ಕೈಯಿಂದಲೂ. ಆಂಫೊಟೆರಿಸಿನ್ ಬಿ ಮಾತ್ರ ಉಲ್ಟಾ: ಸಲೈನ್‌ನಲ್ಲಿ ಗಸಿ, ಡೆಕ್ಸ್‌ಟ್ರೋಸ್‌ನಲ್ಲಿ ಸರಿ. ರಕ್ತದ ಸೆಟ್‌ನಲ್ಲಿ ನಾರ್ಮಲ್ ಸಲೈನ್ ಬಿಟ್ಟು ಇನ್ನೇನೂ ಬೇಡ.

ಮ್ಯಾನಿಟಾಲ್ 20 ಶೇಕಡಾ ಬಾಟಲಿಯಲ್ಲಿ ಚಳಿಗಾಲದಲ್ಲಿ ಸೂಜಿಯಂಥ ಹರಳು ಕಂಡರೆ ಅದು ಹಾಳಾಗಿಲ್ಲ. ಬಿಸಿನೀರಿನಲ್ಲಿಟ್ಟು ಪೂರ್ತಿ ಕರಗಿಸಿ, ಮೈ ಬಿಸಿಗೆ ಆರಿಸಿ, ಫಿಲ್ಟರ್ ಇರುವ ಸೆಟ್‌ನಿಂದ ಕೊಡಿ.

ಔಷಧ ಕೊಟ್ಟಾಗಿದೆ, ಕೆಲಸ ಮಾಡುತ್ತಿಲ್ಲ

100 ಮಿ.ಲೀ. ಸಲೈನ್‌ನಲ್ಲಿ 1 ಗ್ರಾಂ ಆ್ಯಂಟಿಬಯಾಟಿಕ್ ಹಾಕಿ, ಬಾಟಲಿ ಖಾಲಿಯಾದ ಕೂಡಲೇ ಸೆಟ್ ಬಿಡಿಸಿದರೆ ಎಷ್ಟು ಹೋಯಿತು? 150 ಸೆಂ.ಮೀ. ಉದ್ದ, 3 ಮಿ.ಮೀ. ಒಳವ್ಯಾಸದ ಟ್ಯೂಬಿನಲ್ಲಿ ಉಳಿಯುವುದು ಸುಮಾರು 10 ಮಿ.ಲೀ., ಚೇಂಬರಿನದ್ದು ಬೇರೆ. ಅಂದರೆ 100 ಮಿ.ಗ್ರಾಂ.ಗೂ ಹೆಚ್ಚು ಔಷಧ ಕಸಕ್ಕೆ, ದಿನಕ್ಕೆ ಮೂರು ಸಲ. ಚೇಂಬರ್ ಖಾಲಿಯಾಗುವ ಮೊದಲೇ ಸಲೈನ್ ಜೋಡಿಸಿ 20, 25 ಮಿ.ಲೀ. ಅದೇ ವೇಗದಲ್ಲಿ ಬಿಡಿ. ವೇಗ ಹೆಚ್ಚಿಸಬಾರದು, ಟ್ಯೂಬಿನಲ್ಲಿರುವುದು ಔಷಧವೇ.

ಇನ್ಸುಲಿನ್ ಇನ್‌ಫ್ಯೂಷನ್‌ನಲ್ಲಿ ಶುಗರ್ ಇಳಿಯದಿದ್ದರೆ ಟ್ಯೂಬಿನ ಗೋಡೆಯನ್ನು ಅನುಮಾನಿಸಿ. ಇನ್ಸುಲಿನ್ ಪ್ಲಾಸ್ಟಿಕ್‌ಗೆ ಅಂಟುತ್ತದೆ. ತಯಾರಿಸಿದ ದ್ರಾವಣದ 20 ಮಿ.ಲೀ.ಯನ್ನು ಮೊದಲು ಟ್ಯೂಬಿನಲ್ಲಿ ಹರಿಸಿ ಚೆಲ್ಲಿ, ಆಮೇಲೆ ರೋಗಿಗೆ ಜೋಡಿಸಿದರೆ ಈ ಕೊರತೆ ನೀಗುತ್ತದೆ. ಶುಗರ್ ಸರ್ರನೆ ಕುಸಿದರೆ ವಯಲ್ ನೋಡಿ. ನಮ್ಮಲ್ಲಿ ವಯಲ್‌ಗಳು ಹೆಚ್ಚಾಗಿ ಮಿ.ಲೀ.ಗೆ 40 ಯೂನಿಟ್‌ನವು, 100 ಯೂನಿಟ್‌ನವೂ ಇವೆ. 50 ಯೂನಿಟ್‌ಗೆ ಮೊದಲನೆಯದರಿಂದ 1.25 ಮಿ.ಲೀ., ಎರಡನೆಯದರಿಂದ 0.5 ಮಿ.ಲೀ. ರೂಢಿಯಂತೆ ಎರಡನೆಯದರಿಂದಲೂ 1.25 ಎಳೆದರೆ ಒಳಗೆ ಬಿದ್ದದ್ದು 125 ಯೂನಿಟ್. ಸಿರಿಂಜಿನ ಮುಚ್ಚಳ ಕೆಂಪಾದರೆ 40, ಕಿತ್ತಳೆಯಾದರೆ 100. ವಯಲ್‌ಗೂ ಸಿರಿಂಜಿಗೂ ತಾಳೆಯಾಗಬೇಕು.

ಸಿರಿಂಜ್ ಪಂಪ್ "ಆಕ್ಲೂಷನ್" (ದಾರಿ ಕಟ್ಟಿದೆ) ಎಂದು ಕೂಗಿದಾಗ ಮುಚ್ಚಿದ್ದ ತ್ರೀ ವೇಯನ್ನು ಥಟ್ಟನೆ ರೋಗಿಯ ಕಡೆ ತೆರೆದರೆ ಟ್ಯೂಬಿನಲ್ಲಿ ಒತ್ತಿಕೊಂಡಿದ್ದ ನಾರ್‌ಅಡ್ರಿನಾಲಿನ್ ಒಂದೇ ಸಲ ನುಗ್ಗಿ ಬಿ.ಪಿ. ಆಕಾಶಕ್ಕೇರುತ್ತದೆ. ಪಂಪ್ ನಿಲ್ಲಿಸಿ, ರೋಗಿಯ ಕಡೆ ಮುಚ್ಚಿಯೇ ಇಟ್ಟು ಒತ್ತಡವನ್ನು ಇನ್ನೊಂದು ಬಾಯಿಯಿಂದ ಹೊರಬಿಟ್ಟು, ಆಮೇಲೆ ತೆರೆಯಿರಿ.

ಬರೆದಿಡುವುದು

ತೆಗೆದ ಸೆಟ್ ಕೆಂಪು ಚೀಲಕ್ಕೆ, ಸೂಜಿ ಬಿಳಿ ಡಬ್ಬಿಗೆ, ಒಡೆದ ಆಂಪ್ಯೂಲ್ ನೀಲಿಗೆ. ಆಮೇಲೆ ನರ್ಸಸ್ ನೋಟ್. "ಡ್ರಿಪ್ ಔಟ್ ಆಗಿತ್ತು, ಬದಲಿಸಲಾಯಿತು" ಎಂದಷ್ಟೇ ಬರೆದರೆ ಮುಂದಿನ ಶಿಫ್ಟಿನವರಿಗೆ ಏನೂ ತಿಳಿಯದು. ಹೀಗಿರಲಿ:

"ಮಧ್ಯಾಹ್ನ 2:00. ಎಡ ಮುಂಗೈ, 20 ಗೇಜ್. ಡ್ರಿಪ್ ನಿಂತಿತ್ತು. ಕ್ಯಾನುಲಾ ಸುತ್ತ 3 ಸೆಂ.ಮೀ. ಊತ, ತಣ್ಣಗಿದೆ, ಕೆಂಪಿಲ್ಲ, ಒತ್ತಿದರೆ ಅಲ್ಪ ನೋವು. ನಾರ್ಮಲ್ ಸಲೈನ್ 500ರಲ್ಲಿ 350 ಉಳಿದಿದೆ, ಔಷಧ ಸೇರಿಸಿಲ್ಲ. ಕ್ಯಾನುಲಾ ತೆಗೆದು ಕೈ ಎತ್ತರಿಸಿಡಲಾಗಿದೆ, ಊತದ ಅಂಚು ಗುರುತಿಸಿದೆ. ಡ್ಯೂಟಿ ಡಾಕ್ಟರಿಗೆ 2:10ಕ್ಕೆ ತಿಳಿಸಲಾಗಿದೆ. 2:30ಕ್ಕೆ ಬಲ ಮುಂಗೈ, 22 ಗೇಜ್, ಮೊದಲ ಯತ್ನದಲ್ಲೇ. ಡಾಕ್ಟರ್ ಸೂಚನೆಯಂತೆ 6:30ಕ್ಕೆ ಮುಗಿಯುವಂತೆ ನಿಮಿಷಕ್ಕೆ 29 ಹನಿ, 20ರ ಸೆಟ್. 3:00ಕ್ಕೆ ಮತ್ತೆ ಎಣಿಸಿದೆ: 29. ಎಡಗೈ ಊತ ಗುರುತು ದಾಟಿಲ್ಲ."